ಮನೆ ಕಟ್ಟಿದವರು ಹೋದರು: ಕನ್ನಡದ ಸ್ಪರ್ಸ್ ಅಭಿಮಾನಿಗಳಿಗೆ ಒಂದು ಬಹಿರಂಗ ಪತ್ರ

ಬೆಂಗಳೂರು, 25 ನವೆಂಬರ್ 2025

ಪ್ರಿಯ ಸ್ಪರ್ಸ್ ಗೆಳೆಯರೇ,

ನಮ್ಮ ಸ್ಪರ್ಸ್, ಅಂದರೆ ಲಂಡನ್ನಿನ ಟಾಟನ್‌ಹ್ಯಾಮ್ ಹಾಟ್‌ಸ್ಪರ್ ಫುಟ್‌ಬಾಲ್ ಕ್ಲಬ್ಬಿನ ಮ್ಯಾಚು ಭಾನುವಾರ ರಾತ್ರಿ ಹತ್ತಕ್ಕೆ ಶುರುವಾಗಿ ಹನ್ನೆರಡಕ್ಕೆ ಮುಗಿಯಿತು. ನಮ್ಮ ಜಗಳ ಮುಗಿದಾಗ ಒಂದೂವರೆ. ಜಯನಗರದ ಆ ಮನೆಯ ಹಾಲಿನಲ್ಲಿ ಒಂಬತ್ತು ಜನ, ಒಂದು ಟೀವಿ, ತಣ್ಣಗಾದ ಚಿತ್ರಾನ್ನ. ನಮ್ಮ ಬದ್ಧವೈರಿ ಆರ್ಸೆನಲ್ 4, ನಾವು 1. ಅವರ ಎಝೆ ಹೊಡೆದ ಮೂರು ಗೋಲಿನ ಬಗ್ಗೆ ಐದು ನಿಮಿಷ ಮಾತಾಡಿದೆವು. ರಿಚಾರ್ಲಿಸನ್ ಅಷ್ಟು ದೂರದಿಂದ ಎತ್ತಿ ಹಾಕಿದ ಗೋಲನ್ನು ಯಾರೂ ನೆನಪಿಸಿಕೊಳ್ಳಲೂ ಇಲ್ಲ. ಉಳಿದ ಹೊತ್ತೆಲ್ಲ ಇಪ್ಪತ್ನಾಲ್ಕು ವರ್ಷ ನಮ್ಮ ಕ್ಲಬ್ಬಿನ ಅಧ್ಯಕ್ಷರಾಗಿದ್ದ ಡೇನಿಯಲ್ ಲೀವಿ. ಆ ಮನುಷ್ಯ ಕ್ಲಬ್ ಬಿಟ್ಟು ಹೋಗಿ ಆಗಲೇ ಎರಡೂವರೆ ತಿಂಗಳಾಗಿತ್ತು!

"ಲೀವಿ ಇದ್ದಿದ್ರೆ ಎಝೆ ನಮ್ಮ ಕಡೆ ಆಡ್ತಿದ್ದ" ಅಂದರು ಒಬ್ಬರು. ಸ್ವಾಮಿ, ಎಝೆ ನಮ್ಮ ಕೈಗೆ ಬರೋ ಹೊತ್ತಿಗೆ ಆರ್ಸೆನಲ್ ಕಸಿದುಕೊಂಡಿದ್ದು ಆಗಸ್ಟ್‌ನಲ್ಲಿ. ಲೀವಿ ಕುರ್ಚಿ ಬಿಟ್ಟಿದ್ದು ಸೆಪ್ಟೆಂಬರ್ 4ಕ್ಕೆ. ಆಗ ಚೌಕಾಸಿಗೆ ಕೂತಿದ್ದವರು ಯಾರು ಅಂದುಕೊಂಡಿದ್ದೀರಿ? "ಆ ಜುಗ್ಗನಿಂದ ನಮ್ಮ ಇಪ್ಪತ್ನಾಲ್ಕು ವರ್ಷ ಹಾಳಾಯ್ತು" ಅಂದರು ಇನ್ನೊಬ್ಬರು. ಅವರು ಹಾಕಿಕೊಂಡಿದ್ದ ಟೀ ಶರ್ಟ್ ಮೇಲೆ ನಮ್ಮ ಹೊಸ ಸ್ಟೇಡಿಯಂ ಚಿತ್ರ ಇತ್ತು.

ಅಲ್ಲಿ ನಾನು ಬಾಯಿ ಬಿಟ್ಟರೆ ಎರಡು ವಾಕ್ಯ ಮುಗಿಸೋಕೆ ಬಿಡಲಿಲ್ಲ. ಅದಕ್ಕೇ ಈ ಪತ್ರ. ನಮ್ಮ ಒಂಬತ್ತು ಜನರ ಆಚೆಗೂ ಕನ್ನಡದಲ್ಲಿ ಸ್ಪರ್ಸ್‌ಗಾಗಿ ನಿದ್ದೆ ಕೆಡಿಸಿಕೊಳ್ಳೋ ಜನ ಇದ್ದಾರೆ, ಅವರೂ ಓದಲಿ. ಆರ್ಸೆನಲ್‌ನವರು ಓದಿದರೂ ಚಿಂತೆಯಿಲ್ಲ. ನಗೋದಕ್ಕೆ ಅವರಿಗೆ ಈ ವಾರ ಹೊಸ ಕಾರಣ ಬೇಕಾಗಿಲ್ಲ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತಾರಲ್ಲ. ಲೀವಿ ಮನೆ ಕಟ್ಟಿದರು. ಮದುವೆ ಮಾಡೋಕೆ ಅವರಿಗೆ ಬರಲಿಲ್ಲ. ನಾನು ಹೇಳಬೇಕಾಗಿದ್ದು ಇಷ್ಟೇ, ಆದರೆ ಇಷ್ಟಕ್ಕೇ ಬಿಟ್ಟರೆ ನೀವು ಸುಮ್ನೆ ತಲೆಯಾಡಿಸಿ ಮತ್ತೆ ಜಗಳ ಶುರು ಮಾಡ್ತೀರಿ.

ಮೊದಲು ಮನೆ ವಿಷಯ. ನಮ್ಮ ಹಳೇ ಮೈದಾನ ವೈಟ್ ಹಾರ್ಟ್ ಲೇನ್‌ನಲ್ಲಿ ಹೆಚ್ಚೂಕಡಿಮೆ 36,000 ಜನ ಹಿಡಿಸುತ್ತಿದ್ದರು. ಪಕ್ಕದ ಆರ್ಸೆನಲ್ 2006ರಲ್ಲೇ 60,000 ಸೀಟಿನ ಹೊಸ ಸ್ಟೇಡಿಯಂಗೆ ಹೋಗಿ ಕೂತಿತ್ತು. ಪ್ರತಿ ಮ್ಯಾಚಿಗೂ ಅವರ ಗಲ್ಲಾಪೆಟ್ಟಿಗೆ ನಮ್ಮದಕ್ಕಿಂತ ಜಾಸ್ತಿ ತುಂಬುತ್ತಿತ್ತು. ಲೀವಿಗೆ ಇದು ಚೆನ್ನಾಗಿ ಗೊತ್ತಿತ್ತು. ಎಷ್ಟು ಗೊತ್ತಿತ್ತು ಅಂದರೆ ಒಂದು ಹಂತದಲ್ಲಿ ಕ್ಲಬ್ಬನ್ನೇ ಎತ್ತಿಕೊಂಡು ಸ್ಟ್ರಾಟ್‌ಫರ್ಡ್‌ನ ಒಲಿಂಪಿಕ್ ಸ್ಟೇಡಿಯಂ ಜಾಗಕ್ಕೆ ಹೊರಟಿದ್ದರು. 2011ರಲ್ಲಿ ನಮ್ಮನ್ನು ಬಿಟ್ಟು ವೆಸ್ಟ್ ಹ್ಯಾಮ್ ಕ್ಲಬ್ಬನ್ನು ಆರಿಸಿದರು, ಕೊನೆಗೆ ಅದು ಅವರ ಪಾಲಾಯಿತು. ಇವತ್ತು ಲೀವಿಯನ್ನು ಟಾಟನ್‌ಹ್ಯಾಮ್ ಉಳಿಸಿದ ದೇವರು ಅನ್ನೋರು ಇದನ್ನೂ ನೆನಪಿಟ್ಟುಕೊಳ್ಳಿ. ಸೋತು ನಾವು ಗೆದ್ದಿದ್ದು ಅದೊಂದೇ ಸಲ.

ಆಮೇಲೆ ಹಳೇ ಜಾಗದ ಸುತ್ತಲೇ ಕಟ್ಟೋದು ಅಂತ ಗಟ್ಟಿಯಾಯ್ತು. ಒಂದೊಂದೇ ಸೈಟು ಕೊಳ್ಳುತ್ತಾ ಬಂದರು. ಕೊನೆಗೆ ಉಳಿದಿದ್ದು ಒಂದು ಕುಟುಂಬ ನಡೆಸುತ್ತಿದ್ದ ತಗಡಿನ ಕೆಲಸದ ಕಾರ್ಖಾನೆ. ಅವರು ಜಪ್ಪಯ್ಯ ಅಂದರೂ ಏಳಲಿಲ್ಲ. ಕೋರ್ಟಿಗೆ ಹೋದರು. ಮಧ್ಯೆ ಆ ಕಾರ್ಖಾನೆಗೆ ಬೆಂಕಿ ಬೇರೆ ಬಿತ್ತು. 2015ರಲ್ಲಿ ಅದು ಬಗೆಹರಿಯಿತು. ರಸ್ತೆ ಅಗಲೀಕರಣಕ್ಕೆ ಅಂತ ಅರ್ಧ ಕತ್ತರಿಸಿ ನಿಲ್ಲಿಸಿದ ಮನೆಗಳನ್ನು ದಿನಾ ನೋಡೋ ನಮಗೆ ಇದರಲ್ಲಿ ಎಷ್ಟು ಕಷ್ಟ ಇದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ? ಆ ಕುಟುಂಬದ ಕಷ್ಟವೂ ಅದರಲ್ಲಿ ಸೇರಿದೆ.

2017ರ ಮೇ 14ಕ್ಕೆ ಹಳೇ ಮೈದಾನದ ಕೊನೇ ಮ್ಯಾಚು. ಆಮೇಲೆ ಬಾಡಿಗೆ ಮನೆ ಥರ ವೆಂಬ್ಲಿ ಸ್ಟೇಡಿಯಂ. 2018ರ ಶರತ್ಕಾಲಕ್ಕೆ ತೆರೆಯಬೇಕಿದ್ದ ಹೊಸ ಸ್ಟೇಡಿಯಂ, ಸುರಕ್ಷತಾ ವ್ಯವಸ್ಥೆಯಲ್ಲಿ ದೋಷ ಸಿಕ್ಕಿ 2019ರ ಏಪ್ರಿಲ್ 3ಕ್ಕೆ ಹೋಯಿತು. ಕ್ರಿಸ್ಟಲ್ ಪ್ಯಾಲೇಸ್ ಮೇಲೆ ಮೊದಲ ಗೋಲು ಹೊಡೆದವನು ನಮ್ಮ ಕೊರಿಯಾದ ಆಟಗಾರ ಸನ್. 62,850 ಸೀಟು. ನೂರು ಕೋಟಿ ಪೌಂಡ್ ದಾಟಿದ ಖರ್ಚು. ಹುಲ್ಲಿನ ಮೈದಾನ ಮೂರು ಭಾಗವಾಗಿ ಜಾರಿ ಸ್ಟ್ಯಾಂಡ್ ಕೆಳಗೆ ಹೋಗುತ್ತೆ, ಅಡಿಯಲ್ಲಿ ಅಮೆರಿಕನ್ ಫುಟ್‌ಬಾಲಿಗೆ ಇನ್ನೊಂದು ಮೈದಾನ. ಬಿಯರ್ ಗ್ಲಾಸಿನ ತಳದಿಂದ ತುಂಬುತ್ತೆ. ನಾನು ಬಿಯರ್ ಕುಡಿಯಲ್ಲ, ಆದರೂ ಅದನ್ನು ನಿಂತು ನೋಡಿದೆ.

ಹೌದು, ನಾನು ಹೋಗಿದ್ದೆ. 2022ರಲ್ಲಿ ಆಫೀಸ್ ಕೆಲಸಕ್ಕೆ ಲಂಡನ್‌ಗೆ ಕಳಿಸಿದ್ದರು. ಸೆವೆನ್ ಸಿಸ್ಟರ್ಸ್ ಸ್ಟೇಷನ್‌ನಲ್ಲಿ ಇಳಿದು ಹೈ ರೋಡ್ ಹಿಡಿದು ನಡೆದೇ ಹೋದೆ. ಎರಡೂ ಬದಿಗೆ ಕೋಳಿ ಕರಿಯೋ ಅಂಗಡಿ, ಮೊಬೈಲ್ ರಿಪೇರಿ, ಟರ್ಕಿಯವರ ಬೇಕರಿ, ಹೊರಗೆ ಡಬ್ಬಿಯಲ್ಲಿ ಬಾಳೆಕಾಯಿ ಗೆಣಸು ಇಟ್ಟ ಕಿರಾಣಿ. ನಮ್ಮ ಶಿವಾಜಿನಗರದ ಥರವೇ. ಅಷ್ಟರಲ್ಲಿ ಆ ಸಾಲಿನ ಹಿಂದೆ ಗಾಜಿನ ಹಡಗೊಂದು ಬಂದು ನಿಂತ ಹಾಗೆ ಕಾಣಿಸಿತು. ಟೂರ್‌ನಲ್ಲಿ ಸೌತ್ ಸ್ಟ್ಯಾಂಡ್ ಹತ್ತಿರ ಒಂದು ಕಡೆ ನೆಲದಲ್ಲಿ ಗುರುತು ಹಾಕಿದ್ದಾರೆ. ಹಳೇ ಮೈದಾನದ ಸೆಂಟರ್ ಸ್ಪಾಟ್ ಇದ್ದ ಜಾಗ ಅದು. ನನ್ನ ಮುಂದೆ ಒಬ್ಬ ಮುದುಕರು ಮೊಮ್ಮಗನ ಜತೆ ಇದ್ದರು. ಹುಡುಗ ಅದರ ಮೇಲೆ ನಿಂತು ಫೋಟೋ ತೆಗಿ ಅಂದ. ಅಜ್ಜ ಮೊದಲು ಅವನನ್ನು ಪಕ್ಕಕ್ಕೆ ಸರಿಸಿದರು. ಜೇಬಿನಿಂದ ಕರ್ಚೀಫ್ ತೆಗೆದು ಬಗ್ಗಿ ಅದನ್ನು ಒರೆಸಿದರು. ಆಮೇಲೆ ಈಗ ನಿಂತ್ಕೋ ಅಂದರು. ಆ ಗುರುತು ಬೇರೆ ಊರಿನಲ್ಲಿ ಇದ್ದಿದ್ದರೆ ಅಜ್ಜ ಬರುತ್ತಿದ್ದರಾ? ಮನೆ ಕಟ್ಟಿದ ಲೆಕ್ಕ ಬರೆಯುವಾಗ ನಾನು ಪೌಂಡಿಗಿಂತ ಮೊದಲು ಇದನ್ನು ಬರೀತೀನಿ.

ಇನ್ನು ದುಡ್ಡು. ಲೀವಿ ಬಂದಿದ್ದು 2001ರಲ್ಲಿ, ಅಲನ್ ಶುಗರ್ ಕೈಯಿಂದ ಎನಿಕ್ ಕಂಪನಿ ಕ್ಲಬ್ ತಗೊಂಡಾಗ. ಅವರ ಮೊದಲ ಬೇಸಿಗೆಯಲ್ಲೇ ನಮ್ಮ ನಾಯಕ ಸೋಲ್ ಕ್ಯಾಂಪ್‌ಬೆಲ್ ಒಂದು ಪೈಸೆ ಕೊಡಿಸದೆ ಆರ್ಸೆನಲ್‌ಗೆ ಹೋದ. ಆಮೇಲೆ ಮಾರೋದಾದರೆ ಕೊನೇ ಪೈಸೆ ತನಕ ಹಿಂಡಿಯೇ ಮಾರಬೇಕು ಅಂತ ಲೀವಿ ಕಲಿತಿದ್ದು ಅವತ್ತೇ ಇರಬೇಕು ಅನ್ನೋದು ನನ್ನ ಊಹೆ. ಕ್ಯಾರಿಕ್, ಬರ್ಬಟೋವ್, ಮೋಡ್ರಿಚ್, 2013ರಲ್ಲಿ ದಾಖಲೆ ಬೆಲೆಗೆ ಬೇಲ್, 2023ರಲ್ಲಿ ಕೇನ್. ಒಬ್ಬೊಬ್ಬರನ್ನೂ ಬಿಡೋ ಮುಂಚೆ ಎದುರಿನವರಿಗೆ ಬೆವರು ಇಳಿಸಿದರು.

ಅದೇ 2001ರಲ್ಲಿ ಲೀಡ್ಸ್ ಎಲ್ಲಿತ್ತು ನೆನಪಿದೆಯಾ? ಚಾಂಪಿಯನ್ಸ್ ಲೀಗ್ ಸೆಮಿಫೈನಲ್‌ನಲ್ಲಿ. ಸಾಲ ಮಾಡಿ ಆಟಗಾರರನ್ನು ತಂದಿದ್ದರು. 2004ಕ್ಕೆ ಪ್ರೀಮಿಯರ್ ಲೀಗಿನಿಂದ ಕೆಳಗೆ, 2007ಕ್ಕೆ ಮೂರನೇ ಹಂತಕ್ಕೆ. ಪೋರ್ಟ್ಸ್‌ಮತ್ 2008ರಲ್ಲಿ ಎಫ್‌ಎ ಕಪ್ ಗೆದ್ದಿತು, 2010ಕ್ಕೆ ದಿವಾಳಿ, 2013ಕ್ಕೆ ನಾಲ್ಕನೇ ಹಂತ. ಅದ್ದೂರಿ ಮದುವೆ ಮಾಡಿ ಮನೆ ಕಳಕೊಂಡವರು ಇವರು. ಅಷ್ಟು ದೂರ ಯಾಕೆ, ಈ ಆಗಸ್ಟ್‌ನಲ್ಲಿ ಲೀಗ್ ನಡೆಯುತ್ತೋ ಇಲ್ವೋ ಗೊತ್ತಿಲ್ಲದೆ ನಮ್ಮ ಬೆಂಗಳೂರು ಎಫ್‌ಸಿಯೇ ಮೊದಲ ತಂಡದವರ ಸಂಬಳ ತಡೆಹಿಡಿಯಿತಲ್ಲ. ಕಂಠೀರವದಲ್ಲಿ ಗಂಟಲು ಹರಿದುಕೊಂಡ ನಮಗೆ, ಕ್ಲಬ್ಬಿನ ಬಾಗಿಲು ನಾಳೆಯೂ ತೆರೆದಿರುತ್ತೆ ಅನ್ನೋ ನಂಬಿಕೆ ಸಣ್ಣದಲ್ಲ ಅಂತ ಗೊತ್ತಿರಬೇಕು. ಕಳೆದ 20 ಸೀಸನ್‌ಗಳಲ್ಲಿ 18ರಲ್ಲಿ ಯುರೋಪಿನ ಟೂರ್ನಿ ಆಡಿದ್ದೇವೆ ಅಂತ ಲೀವಿ ಹೋಗುವಾಗ ಕ್ಲಬ್ ಹೇಳಿಕೊಂಡಿತು. ನಾನು ನೋಡೋಕೆ ಶುರು ಮಾಡಿದ ಕೋಚ್ ಮಾರ್ಟಿನ್ ಯೋಲ್ ಕಾಲದಲ್ಲಿ ಅದು ಕನಸೇ ಆಗಿತ್ತು. 2006ರಲ್ಲಿ ಕೊನೇ ಮ್ಯಾಚಿನ ಹಿಂದಿನ ರಾತ್ರಿ ಅರ್ಧ ತಂಡಕ್ಕೆ ಹೊಟ್ಟೆ ಕೆಟ್ಟು, ಚಾಂಪಿಯನ್ಸ್ ಲೀಗ್‌ಗೆ ಬೇಕಿದ್ದ ನಾಲ್ಕನೇ ಸ್ಥಾನ ಹೋಯಿತು. ಪಾಪ, ಹೋಟೆಲಿನ ಲಸಾನ್ಯಾಗೆ ಬೈದೆವು. ಆಮೇಲೆ ಅದು ವೈರಸ್ ಅಂತ ಗೊತ್ತಾಯ್ತು.

ಮನೆ ಕಟ್ಟುವಾಗ ಕೈ ಬಿಗಿ ಇರುತ್ತೆ, ಒಪ್ಪಿದೆ. 2018ರ ಬೇಸಿಗೆಯಲ್ಲಿ ಒಬ್ಬನೇ ಒಬ್ಬ ಆಟಗಾರನನ್ನು ಕೊಳ್ಳಲಿಲ್ಲ. ವರ್ಗಾವಣೆ ಕಿಟಕಿ, ಅಂದರೆ ಬೇಸಿಗೆ ಮತ್ತು ಜನವರಿಯಲ್ಲಷ್ಟೇ ಆಟಗಾರರನ್ನು ಕೊಳ್ಳೋ ಪದ್ಧತಿ, ಬಂದ ಮೇಲೆ ಪ್ರೀಮಿಯರ್ ಲೀಗಿನ ಯಾವ ಕ್ಲಬ್ಬೂ ಬೇಸಿಗೆಯಲ್ಲಿ ಹಾಗೆ ಕೈಕಟ್ಟಿ ಕೂತಿರಲಿಲ್ಲ. ಜನವರಿಯಲ್ಲೂ ಯಾರೂ ಬರಲಿಲ್ಲ. ಆ ಬರಗಾಲಕ್ಕೆ ಮುಂಚೆ ಕೊನೆಯದಾಗಿ ಬಂದವನು ಲುಕಾಸ್ ಮೌರಾ, 2018ರ ಜನವರಿ 31ಕ್ಕೆ. 2019ರ ಮೇನಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಅಯಾಕ್ಸ್ ಮೇಲೆ ಮೂರು ಗೋಲು ಹೊಡೆದು ನಮ್ಮನ್ನು ಚಾಂಪಿಯನ್ಸ್ ಲೀಗ್ ಫೈನಲ್‌ಗೆ ಎಳೆದವನೂ ಅವನೇ. ಮೂರನೇದು ಆಟದ ಕಟ್ಟಕಡೆಯ ಗಳಿಗೆಯಲ್ಲಿ. ನಮ್ಮಲ್ಲಿ ಆಗ ನಡುರಾತ್ರಿ ಎರಡು ಗಂಟೆ ದಾಟಿತ್ತು. ನಾನು ಕೂಗಿದ ಕೂಗಿಗೆ ಪಕ್ಕದ ಮನೆಯ ಆಂಟಿ ಕಳ್ಳ ಬಂದ ಅಂತ ಲೈಟ್ ಹಾಕಿದ್ದರು. ಆ ರಾತ್ರಿ ಸಿಕ್ಕಿದ್ದು ಲೀವಿಯ ಜಾಣತನದಿಂದಲೋ, ಲೀವಿ ಜುಗ್ಗತನ ತೋರಿದರೂನೋ? ನನಗೆ ಇವತ್ತಿಗೂ ಬಗೆಹರಿದಿಲ್ಲ.

ಈಗ ಮದುವೆಯ ಕಥೆ. ಇಲ್ಲಿ ನನಗೆ ಸಿಟ್ಟಿದೆ. ಇಪ್ಪತ್ನಾಲ್ಕು ವರ್ಷಕ್ಕೆ ಎರಡು ಕಪ್. 2008ರ ಲೀಗ್ ಕಪ್, 2025ರ ಯುರೋಪಾ ಲೀಗ್. ಅಷ್ಟರಲ್ಲಿ ಲೆಸ್ಟರ್ ಲೀಗೇ ಗೆದ್ದಿತು. ದುಡ್ಡು ಖರ್ಚು ಮಾಡಲಿಲ್ಲ, ಅದಕ್ಕೇ ಹೀಗಾಯ್ತು ಅಂತ ಎಲ್ಲರೂ ಹೇಳ್ತೀರಿ. ಸುಳ್ಳಲ್ಲ. ಆದಾಯ 2022-23ರಲ್ಲಿ ಸುಮಾರು 55 ಕೋಟಿ ಪೌಂಡಿಗೆ ಏರಿದರೂ ಸಂಬಳಕ್ಕೆ ಹೋಗಿದ್ದು ಅದರಲ್ಲಿ ಅರ್ಧವೂ ಇಲ್ಲ. ಆದರೆ ನನ್ನ ತಕರಾರು ದುಡ್ಡಿನದಲ್ಲ, ತಾರೀಖಿನದು.

ತಾರೀಖುಗಳನ್ನು ನೋಡಿ. 2007ರ ಅಕ್ಟೋಬರ್ 25, ಗೆಟಾಫೆ ಜತೆ ಮ್ಯಾಚ್ ನಡೀತಾ ಇದೆ. ಯೋಲ್ ಕೆಲಸ ಹೋಯ್ತು ಅನ್ನೋ ಸುದ್ದಿ ಆಟ ಮುಗಿಯೋ ಮುಂಚೆಯೇ ಸ್ಟ್ಯಾಂಡಿನಲ್ಲೆಲ್ಲ ಹರಡಿತು. ಆ ಮನುಷ್ಯ ಕೆಳಗೆ ನಿಂತು ತಂಡ ಆಡಿಸ್ತಾ ಇದ್ದಾನೆ! 2012ರಲ್ಲಿ ಕೋಚ್ ರೆಡ್‌ನ್ಯಾಪ್ ನಾಲ್ಕನೇ ಸ್ಥಾನ ತಂದುಕೊಟ್ಟರು, ಜೂನ್‌ನಲ್ಲಿ ಮನೆಗೆ ಕಳಿಸಿದರು. 2019ರ ಜೂನ್ 1ಕ್ಕೆ ಕೋಚ್ ಪೊಚೆಟಿನೊ ನಮ್ಮನ್ನು ಮ್ಯಾಡ್ರಿಡ್‌ನಲ್ಲಿ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ನಿಲ್ಲಿಸಿದರು, ನವೆಂಬರ್ 19ಕ್ಕೆ ಅವರಿಲ್ಲ. ಮಾರನೇ ಬೆಳಗ್ಗೆ ಮೊರಿನ್ಯೊ. ಕಪ್ ಗೆಲ್ಲಿಸೋಕೆ ಅಂತಲೇ ಕರೆತಂದ ಮೊರಿನ್ಯೊರನ್ನು 2021ರ ಏಪ್ರಿಲ್ 19ಕ್ಕೆ ತೆಗೆದರು. ಲೀಗ್ ಕಪ್ ಫೈನಲ್ ಇದ್ದಿದ್ದು 25ಕ್ಕೆ. ಆರೇ ದಿನ! ಧಾರೆ ಮುಹೂರ್ತಕ್ಕೆ ಆರು ದಿನ ಇರುವಾಗ ಪುರೋಹಿತರನ್ನು ಓಡಿಸಿದ ಹಾಗೆ. 29 ವರ್ಷದ ರಯಾನ್ ಮೇಸನ್ ತಂಡ ಹಿಡಿದು ವೆಂಬ್ಲಿಗೆ ಹೋದರು, ಮ್ಯಾಂಚೆಸ್ಟರ್ ಸಿಟಿ ಎದುರು 1-0ಕ್ಕೆ ಸೋತೆವು. ಮೊರಿನ್ಯೊ ಇದ್ದಿದ್ದರೆ ಗೆಲ್ಲುತ್ತಿದ್ದೆವು ಅಂತ ನಾನು ಹೇಳಲ್ಲ. ಆದರೆ ನೋಡಬಹುದಿತ್ತಲ್ಲ?

ಆಮೇಲೆ ಶುರುವಾಯ್ತು ಗಂಡು ಹುಡುಕೋದು, ಅಂದರೆ ಹೊಸ ಕೋಚ್ ಹುಡುಕೋದು. 72 ದಿನ. ಒಬ್ಬರ ಜತೆ ಮಾತು ಮುರೀತು, ಇನ್ನೊಬ್ಬರು ಬರ್ತಾರೆ ಅಂದ ಕೂಡಲೇ ಅಭಿಮಾನಿಗಳೇ ಗಲಾಟೆ ಮಾಡಿದರು. ಕೊನೆಗೆ ನೂನೊ. ನವೆಂಬರ್ 1ಕ್ಕೆ ಅವರೂ ಹೋದರು. ಹುಡುಕೋಕೆ ಎರಡು ತಿಂಗಳು ಚಿಲ್ಲರೆ, ಇಟ್ಟುಕೊಂಡಿದ್ದು ನಾಲ್ಕು ತಿಂಗಳು.

ಈ ವರ್ಷದ್ದು ನಿಮ್ಮೆಲ್ಲರಿಗೂ ಗೊತ್ತು. ಮೇ 21, ಬಿಲ್ಬಾವೊದಲ್ಲಿ ಯುರೋಪಾ ಲೀಗ್ ಫೈನಲ್. ಬ್ರೆನನ್ ಜಾನ್ಸನ್‌ಗೆ ತಗುಲಿತೋ ಇಲ್ಲವೋ ಅನ್ನೋ ಹಾಗೆ ಒಳಗೆ ಹೋದ ಗೋಲು. ವ್ಯಾನ್ ಡೆ ವೆನ್ ಗಾಳಿಯಲ್ಲಿ ತೇಲಿ ಗೋಲ್ ಗೆರೆಯ ಮೇಲಿಂದ ಚೆಂಡು ತೆಗೆದಿದ್ದು. ಸನ್ ಕೊರಿಯಾ ಬಾವುಟ ಸುತ್ತಿಕೊಂಡು ಕಪ್ ಎತ್ತಿದ್ದು. ನಮ್ಮಲ್ಲಿ ಇಬ್ಬರು ಅತ್ತರು, ಹೆಸರು ಹೇಳಲ್ಲ. ಹದಿನೇಳು ವರ್ಷದ ಮೇಲೆ ಕಪ್. ಹದಿನಾರನೇ ದಿನಕ್ಕೆ ಕೋಚ್ ಪೋಸ್ಟೆಕೊಗ್ಲು ಇಲ್ಲ. ಲೀಗಿನಲ್ಲಿ 17ನೇ ಸ್ಥಾನ, 22 ಸೋಲು. ತೆಗೆಯೋಕೆ ಕಾರಣ ಇರಲಿಲ್ಲ ಅಂತ ನಾನು ಹೇಳೋ ಹಾಗಿಲ್ಲ. ಮಾರ್ಚ್‌ನಲ್ಲಿ ಇದೇ ಜಯನಗರದ ಹಾಲಿನಲ್ಲಿ ಆತ ಮೊದಲು ತೊಲಗಲಿ ಅಂತ ಕೂಗಿದವನು ನಾನೇ. ಆದರೂ ಮದುವೆ ಚಪ್ಪರ ಬಿಚ್ಚೋ ಮುಂಚೆ...

ಅದಕ್ಕೇ ನನಗೆ ಅನ್ನಿಸೋದು, ಲೀವಿಗೆ ತಾಳ್ಮೆ ಇರಲಿಲ್ಲ ಅನ್ನೋದು ತಪ್ಪು. ತಾಳ್ಮೆ ಬೇಕಾದಷ್ಟಿತ್ತು. ಒಂದು ತಗಡಿನ ಕಾರ್ಖಾನೆಗಾಗಿ ವರ್ಷಗಟ್ಟಲೆ ಕಾದರು. ಮಾರೋಕೋ ಕೊಳ್ಳೋಕೋ ಕೂತರೆ ಕಿಟಕಿ ಮುಚ್ಚೋ ಕೊನೇ ಗಂಟೆ ತನಕ ಕದಲದೆ ಕೂತರು. 2010ರಲ್ಲಿ ಹಾಗೆ ಕೂತಿದ್ದಕ್ಕೇ ವಾನ್ ಡರ್ ವಾರ್ಟ್ ಎಂಬತ್ತು ಲಕ್ಷ ಪೌಂಡಿಗೆ ಸಿಕ್ಕ, ಅದು ಬಿಟ್ಟಿ ಸಿಕ್ಕ ಹಾಗೆ. ಇಟ್ಟಿಗೆಗೆ ಕಾದರು, ಬೆಲೆಗೆ ಕಾದರು. ಮನುಷ್ಯರಿಗೆ ಮಾತ್ರ ಕಾಯಲಿಲ್ಲ. ಒಂದೇ ಒಂದು ಸಲ ಕಾದರು, ಪೊಚೆಟಿನೊಗೆ, ಐದೂವರೆ ವರ್ಷ. ನಾವು ನೋಡಿದ ಒಳ್ಳೇ ಫುಟ್‌ಬಾಲ್ ಎಲ್ಲ ಆ ಐದೂವರೆ ವರ್ಷದ್ದು. ಅಷ್ಟು ಸರಳವಾದ ಸಾಕ್ಷಿ ಅವರ ಕಣ್ಣೆದುರೇ ಇತ್ತು.

ಉಳಿದ ದೂರುಗಳನ್ನು ಬೇಗ ಮುಗಿಸ್ತೀನಿ. 2020ರ ಕೋವಿಡ್‌ನಲ್ಲಿ ಆಟಗಾರರಲ್ಲದ 550 ನೌಕರರ ಸಂಬಳ 20% ಕತ್ತರಿಸೋಕೆ ಹೊರಟು, ಬೈಸಿಕೊಂಡು, ಎರಡು ವಾರದಲ್ಲಿ ಹಿಂದೆ ಸರಿದರು. 2021ರಲ್ಲಿ ದೊಡ್ಡ ಕ್ಲಬ್ಬುಗಳೇ ಸೇರಿ ಮಾಡಹೊರಟ ಸೂಪರ್ ಲೀಗ್ ಅಂತ ಹೋಗಿ ಎರಡೇ ದಿನಕ್ಕೆ ವಾಪಸ್. 2024ರಲ್ಲಿ ಟಿಕೆಟ್ ಬೆಲೆ ಏರಿಸಿದ್ದಲ್ಲದೆ ಹಿರಿಯರ ರಿಯಾಯಿತಿಗೂ ಕೈ ಹಾಕಿದರು. ಆಗ ನನಗೆ ಕರ್ಚೀಫ್ ಹಿಡಿದ ಆ ಅಜ್ಜ ನೆನಪಾದರು. ಅವರಿಗಾಗಿ ಕಟ್ಟಿದ ಮನೆಗೆ ಅವರೇ ಬರಲಾಗದಿದ್ದರೆ ಹೇಗೆ?

ಇಷ್ಟೆಲ್ಲ ಬರೆದಿದ್ದು ಲೀವಿಗೆ ಅಂಕ ಹಾಕೋದಕ್ಕಲ್ಲ. ನನಗೆ ಚಿಂತೆ ನಮ್ಮ ಬಗ್ಗೆ. ಇಪ್ಪತ್ನಾಲ್ಕು ವರ್ಷ ನಮಗೆ ಏನೇ ಕೆಟ್ಟದ್ದಾದರೂ ಒಂದು ರೆಡಿ ಉತ್ತರ ಇತ್ತು. ಡಿಫೆಂಡರ್ ಜಾರಿ ಬಿದ್ದರೂ ಲೀವಿ, ಮಳೆ ಬಂದರೂ ಲೀವಿ. ಈ ಅಭ್ಯಾಸ ಯಾರಿಗೆ ಅನುಕೂಲ ಆಯ್ತು ಹೇಳಿ? ಲೂಯಿಸ್ ಕುಟುಂಬಕ್ಕೆ. ಕ್ಲಬ್ಬಿನ ಬಹುಪಾಲು ಎನಿಕ್‌ನದು, ಎನಿಕ್‌ನ ಬಹುಪಾಲು ಅವರದು. ಲೀವಿ ಕುಟುಂಬದ್ದು ಎನಿಕ್‌ನಲ್ಲಿ 30% ಹತ್ತಿರ, ಅದಿನ್ನೂ ಅಲ್ಲೇ ಇದೆ. ಕುರ್ಚಿ ಬಿಟ್ಟರೇ ಹೊರತು ಪಾಲು ಬಿಟ್ಟಿಲ್ಲ. ಗ್ಯಾಲರಿಯಲ್ಲಿ ಬ್ಯಾನರ್ ಮೇಲೆ ಲೀವಿ ಹೆಸರು ಬರೀತಿದ್ದಷ್ಟು ದಿನ ಮಾಲೀಕರ ಹೆಸರು ನಮ್ಮ ಬಾಯಿಗೇ ಅಷ್ಟಾಗಿ ಬರಲಿಲ್ಲ. ಈ ಪತ್ರ ಬರೆಯೋ 2025ರ ನವೆಂಬರ್‌ನಲ್ಲಿ ಪೀಟರ್ ಚಾರಿಂಗ್‌ಟನ್ ಅಧ್ಯಕ್ಷರು, ದಿನದ ಆಡಳಿತಕ್ಕೆ ವಿನಯ್ ವೆಂಕಟೇಶಂ. ಆರ್ಸೆನಲ್‌ನಿಂದ ಬಂದವರು, ನಗಬೇಡಿ. ಕೋಚ್ ಥಾಮಸ್ ಫ್ರಾಂಕ್‌ಗೆ ಐದು ತಿಂಗಳು ತುಂಬಿದೆ. ಭಾನುವಾರ ರಾತ್ರಿ ಮೂರನೇ ಗೋಲು ಬಿದ್ದಾಗ ನಮ್ಮಲ್ಲೇ ನಾಲ್ಕು ಜನ ಇವನನ್ನೂ ಕಳಿಸಿ ಅಂದಿರಿ. ಲೀವಿ ಮಾಡುತ್ತಿದ್ದುದನ್ನೇ ಮಾಡಿ ಅಂತ, ಲೀವಿಗೆ ಬೈದ ಅದೇ ಉಸಿರಿನಲ್ಲಿ.

ಕೇಳೋದಾದರೆ ಬೇರೆ ಕೇಳೋಣ. ಹಿರಿಯರ ಟಿಕೆಟ್ ಏನಾಯ್ತು? ಸಂಬಳದ ಪಾಲು ಏರಿಸ್ತೀರಾ? ಮಾಲೀಕರು ತಮ್ಮ ಜೇಬಿನಿಂದ ಎಷ್ಟು ಹಾಕ್ತೀರಿ, ಯಾವಾಗ? ಇದಕ್ಕೆಲ್ಲ ಲೀವಿ ಅನ್ನೋದು ಉತ್ತರ ಅಲ್ಲ.

ನಾಳೆ ರಾತ್ರಿ ಒಂದೂವರೆಗೆ ಪ್ಯಾರಿಸ್‌ನಲ್ಲಿ ಪಿಎಸ್‌ಜಿ ಜತೆ ಮ್ಯಾಚು. ಈ ಸಲ ನಮ್ಮನೆಗೆ ಬನ್ನಿ. ಉಪ್ಪಿಟ್ಟು ಬಿಸಿಯಾಗಿಯೇ ಇರುತ್ತೆ, ಅದು ನನ್ನ ಜವಾಬ್ದಾರಿ. ಒಂದೇ ಷರತ್ತು: ಲೀವಿ ಹೆಸರು ಮೊದಲು ಎತ್ತಿದವರು ಎಲ್ಲರ ಕಾಫಿಗೂ ಹಾಲು ತರಬೇಕು. ಮ್ಯಾಚ್ ಮುಗಿಯೋದು ಮೂರೂವರೆಗೆ. ನಮ್ಮ ಬೀದಿಯ ಹಾಲಿನ ಬೂತ್ ತೆಗೆಯೋದು ಐದಕ್ಕೆ. ಸ್ವೆಟರ್ ತನ್ನಿ.

ಇಂತಿ,
ನಿಮ್ಮಲ್ಲೊಬ್ಬ